ಓದಿನ ಆಸಕ್ತಿ ಕೆಡುವುದು ಎಲ್ಲಿ?

ಈಗಿನ ಹುಡುಗರಿಗೆ ಓದುವ ಮನಸ್ಸಿಲ್ಲ, ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲ, ಒಂದು ಸೋಲನ್ನು ತಾಳಿಕೊಳ್ಳುವಷ್ಟು ಗಟ್ಟಿತನವೂ ಇಲ್ಲ ಎಂಬ ಮಾತು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮನೆಯ ಪಡಸಾಲೆಯಲ್ಲಿ, ಘಟಿಕೋತ್ಸವದ ವೇದಿಕೆಯಲ್ಲಿ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಮಕ್ಕಳ ಹಿತ ಬಯಸುವವರೇ. ಆದರೂ ಈ ಮಾತು ತಪ್ಪು. ಎಲ್ಲರೂ ಒಪ್ಪಿಕೊಂಡಿರುವುದರಿಂದ ಅಪಾಯಕಾರಿಯೂ ಹೌದು. ದೋಷ ವಿದ್ಯಾರ್ಥಿಯ ಒಳಗೇ ಇದೆ ಎಂದು ತೀರ್ಮಾನಿಸಿದ ಮೇಲೆ ಪರಿಹಾರವನ್ನೂ ಅಲ್ಲಿಯೇ ಹುಡುಕುತ್ತೇವೆ: ಸ್ಫೂರ್ತಿ ತುಂಬುವ ಭಾಷಣ, ವ್ಯಕ್ತಿತ್ವ ವಿಕಸನ ಶಿಬಿರ, ಒತ್ತಡ ನಿರ್ವಹಣೆಯ ಕಾರ್ಯಾಗಾರ, ಮೂಲೆಯಲ್ಲೊಂದು ಕೌನ್ಸೆಲಿಂಗ್ ಕೊಠಡಿ. ಪಠ್ಯಕ್ರಮ, ವೇಳಾಪಟ್ಟಿ, ಪರೀಕ್ಷೆಯ ಸ್ವರೂಪ, ಪಾಠ ಮಾಡುವ ಬಗೆ, ಮೇಷ್ಟ್ರ ನೇಮಕಾತಿ ಇವು ಯಾವುವೂ ವಿಚಾರಣೆಗೆ ಬರುವುದಿಲ್ಲ. ಓದುವ ಹಂಬಲ ಮತ್ತು ಮನಸ್ಸಿನ ನೆಮ್ಮದಿಯ ಒಂದು ಪಾಲನ್ನು ವಿದ್ಯಾರ್ಥಿ ಮನೆಯಿಂದ ತಂದಿರಬಹುದು. ಉಳಿದ ದೊಡ್ಡ ಪಾಲನ್ನು ವ್ಯಾಸಂಗವೇ ಬೆಳೆಸುತ್ತದೆ ಅಥವಾ ಕೆಡಿಸುತ್ತದೆ. ಬೇರೆ ಬೇರೆ ಕೋರ್ಸುಗಳ ವಿದ್ಯಾರ್ಥಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ವೈದ್ಯಕೀಯದಿಂದ ಆರಂಭಿಸೋಣ, ಏಕೆಂದರೆ ಅಲ್ಲಿ ಸಾಕ್ಷ್ಯ ಹೇರಳವಾಗಿದೆ. ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕ 2016ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆ 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿತು. ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಇದ್ದವೆಂದು ಅದು ಕಂಡುಕೊಂಡಿತು. ಈ ಅಂಕಿಯನ್ನಷ್ಟೇ ನೋಡಿದವರು ‘ಸೂಕ್ಷ್ಮ ಮನಸ್ಸಿನವರೇ ಈ ಕೋರ್ಸಿಗೆ ಬರುತ್ತಾರೇನೋ’ ಎನ್ನಬಹುದು. ಆದರೆ 2014ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ಮೆಡಿಕಲ್ ಕಾಲೇಜಿಗೆ ಆಗಷ್ಟೇ ದಾಖಲಾದವರನ್ನು ಅದೇ ವಯಸ್ಸಿನ ಇತರ ಪದವೀಧರರ ಜೊತೆ ಹೋಲಿಸಿತ್ತು. ಖಿನ್ನತೆಯ ಲಕ್ಷಣ, ದಣಿವು, ಬದುಕಿನ ಗುಣಮಟ್ಟ ಈ ಎಲ್ಲ ಅಳತೆಗಳಲ್ಲೂ ಹೊಸ ವೈದ್ಯ ವಿದ್ಯಾರ್ಥಿಗಳ ಸ್ಥಿತಿಯೇ ಉತ್ತಮವಾಗಿತ್ತು. ಬಾಗಿಲಲ್ಲಿ ಕಾಲಿಡುವಾಗ ಓರಗೆಯವರಿಗಿಂತ ಗಟ್ಟಿಯಾಗಿದ್ದವರು ಒಳಗೆ ಹೋದ ಮೇಲೆ ಕುಸಿಯುತ್ತಾರೆಂದರೆ ಪ್ರಶ್ನೆ ಕೇಳಬೇಕಾದದ್ದು ಬಾಗಿಲ ಒಳಗೆ ನಡೆಯುವುದರ ಬಗ್ಗೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯೂ ಇದನ್ನೇ ಸೂಚಿಸುತ್ತದೆ. ಆ ಸಮೀಕ್ಷೆಗೆ ಉತ್ತರಿಸಿದ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಅಸ್ವಸ್ಥತೆ ಇದೆಯೆಂದು ಹೇಳಿಕೊಂಡರು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 45ರಷ್ಟು ಮಂದಿ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರಿಗೆ ವಾರದ ರಜೆಯೇ ಇರಲಿಲ್ಲ. ಇಷ್ಟಪಟ್ಟು ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು. ವಾರಕ್ಕೊಂದು ದಿನ ನಿದ್ದೆಗೂ ಬಿಡುವು ಕೊಡದೆ ‘ಒತ್ತಡ ನಿಭಾಯಿಸುವುದು ಹೇಗೆ’ ಎಂಬ ಉಪನ್ಯಾಸ ಏರ್ಪಡಿಸುವುದು ಅನ್ಯಾಯ ಎಂಬುದರಲ್ಲಿ ಮಾತ್ರ ಯಾವ ಏರುಪೇರೂ ಇಲ್ಲ.

ಕಾನೂನು ಶಿಕ್ಷಣದ ಸಾಕ್ಷ್ಯ ಇದಕ್ಕಿಂತಲೂ ನೇರವಾಗಿದೆ. ಅಮೆರಿಕದ ಮನೋವಿಜ್ಞಾನಿ ಕೆನನ್ ಶೆಲ್ಡನ್ ಮತ್ತು ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಕ್ರೀಗರ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾ ಕಾಲೇಜಿಗೆ ಬಂದಾಗ ನೆಮ್ಮದಿಯಿಂದಿದ್ದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕುಗ್ಗತೊಡಗಿದರು. ಏಕೆ ಓದುತ್ತಿದ್ದೇವೆ ಎಂಬುದಕ್ಕೆ ಅವರು ಕೊಡುವ ಕಾರಣವೂ ಬದಲಾಯಿತು: ಆಸಕ್ತಿ, ಸೇವೆ ಇವು ಹಿಂದೆ ಸರಿದು ಇತರರ ಮೆಚ್ಚುಗೆ ಮತ್ತು ತೋರಿಕೆ ಮುಂದೆ ಬಂದವು. 2007ರಲ್ಲಿ ಇವರೇ ಎರಡು ಲಾ ಕಾಲೇಜುಗಳ ವಿದ್ಯಾರ್ಥಿಗಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನ ಹೊರತಂದರು. ಎರಡೂ ಕಡೆ ನೆಮ್ಮದಿ ಇಳಿದಿತ್ತು, ಆದರೆ ಒಂದರಲ್ಲಿ ಇಳಿತ ಕಡಿಮೆ. ವ್ಯತ್ಯಾಸಕ್ಕೆ ಕಾರಣವಾಗಿ ಕಂಡದ್ದು ಅಧ್ಯಾಪಕರ ನಡವಳಿಕೆ. ತಮ್ಮ ಅಭಿಪ್ರಾಯಕ್ಕೆ ಬೆಲೆ ಕೊಡುತ್ತಾರೆ, ಹೀಗೇ ಮಾಡು ಎನ್ನುವಾಗ ಏಕೆಂದು ಹೇಳುತ್ತಾರೆ, ಸಾಧ್ಯವಿರುವಲ್ಲಿ ಆಯ್ಕೆ ಬಿಡುತ್ತಾರೆ ಎಂದು ಭಾವಿಸಿದ ವಿದ್ಯಾರ್ಥಿಗಳು ಕುಗ್ಗಿದ್ದು ಕಡಿಮೆ. ಅವರ ಅಂಕಗಳೂ ವಕೀಲಿ ಪರೀಕ್ಷೆಯ ಫಲಿತಾಂಶವೂ ಮೇಲಿದ್ದವು. ವಿಷಯ ಒಂದೇ, ದೇಶ ಒಂದೇ, ಪೀಳಿಗೆ ಒಂದೇ, ಕೈಯಲ್ಲಿದ್ದ ಮೊಬೈಲ್ ಕೂಡ ಒಂದೇ ಕಾಲದ್ದು. ‘ಈಗಿನ ಹುಡುಗರೇ ಹಾಗೆ’ ಎಂಬ ಸಿದ್ಧಾಂತ ಈ ವ್ಯತ್ಯಾಸವನ್ನು ವಿವರಿಸಲಾರದು.

ಇದಕ್ಕೆ ವಿವರಣೆ ಕೊಡುವ ಚಿಂತನೆಯೊಂದು ಅರ್ಧ ಶತಮಾನದಿಂದ ಬೆಳೆದು ಬಂದಿದೆ. ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಿಡಿಸಲು ಒಗಟಿನ ತುಂಡುಗಳನ್ನು ಕೊಡಲಾಯಿತು. ಬಿಡಿಸಿದ್ದಕ್ಕೆ ಹಣ ಪಡೆದವರು, ಹಣ ನಿಂತ ಮೇಲೆ, ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟಿದ್ದೇ ಕಡಿಮೆ. ಮೊದಲು ಖುಷಿಗಾಗಿ ಮಾಡುತ್ತಿದ್ದ ಕೆಲಸ ಕೂಲಿಯ ಕೆಲಸವಾಗಿ ಮಾರ್ಪಟ್ಟಿತ್ತು. ಮುಂದೆ ರಿಚರ್ಡ್ ರಯಾನ್ ಜೊತೆ ಸೇರಿ ಡೆಸಿ ರೂಪಿಸಿದ ಸಿದ್ಧಾಂತ ಮನುಷ್ಯನ ಮನಸ್ಸಿಗೆ ಮೂರು ಮೂಲ ಅಗತ್ಯಗಳಿವೆ ಎನ್ನುತ್ತದೆ: ಮಾಡುತ್ತಿರುವುದು ನನ್ನದು ಎಂಬ ಸ್ವಾಯತ್ತೆ, ಇದು ನನಗೆ ಬರುತ್ತಿದೆ ಎಂಬ ಸಾಮರ್ಥ್ಯದ ಅನುಭವ, ನನ್ನನ್ನು ಗುರುತಿಸುವವರು ಇಲ್ಲಿದ್ದಾರೆ ಎಂಬ ನಂಟು. ಇವು ಸಿಕ್ಕಲ್ಲಿ ಹಂಬಲವೂ ನೆಮ್ಮದಿಯೂ ಒಟ್ಟಿಗೆ ಬೆಳೆಯುತ್ತವೆ, ಸಿಗದಲ್ಲಿ ಒಟ್ಟಿಗೇ ಸೊರಗುತ್ತವೆ. ಒಂದನ್ನು ಭಾಷಣಕಾರರಿಗೂ ಇನ್ನೊಂದನ್ನು ಕೌನ್ಸೆಲರಿಗೂ ಹಂಚಿಕೊಟ್ಟು ಕೈತೊಳೆದುಕೊಳ್ಳುವ ನಮ್ಮ ಪದ್ಧತಿ ಆದ್ದರಿಂದಲೇ ಫಲ ಕೊಡುವುದಿಲ್ಲ. ನಮ್ಮ ಬೇರೆ ಬೇರೆ ಕೋರ್ಸುಗಳು ಈ ಮೂರರಲ್ಲಿ ಬೇರೆ ಬೇರೆ ಅಗತ್ಯವನ್ನು ಕಸಿದುಕೊಳ್ಳುತ್ತವೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗೆ ತನ್ನ ಸಮಯದ ಮೇಲೆ ತನಗೇ ಹಿಡಿತವಿಲ್ಲ. ಉಳಿದ ಕಡೆ ಕೊರತೆ ಬೇರೆ ರೂಪದಲ್ಲಿದೆ.

ಎಂಜಿನಿಯರಿಂಗ್ ವಿದ್ಯಾರ್ಥಿಯ ಲ್ಯಾಬ್ ರೆಕಾರ್ಡ್ ಪುಸ್ತಕವನ್ನು ಬಿಡಿಸಿ ನೋಡಿ. ಗೆರೆ ಹಾಕಿದ ಪುಟದಲ್ಲಿ ಪ್ರಯೋಗದ ಉದ್ದೇಶ, ಬೇಕಾದ ಉಪಕರಣ, ಮಾಡುವ ಕ್ರಮ, ಫಲಿತಾಂಶ. ಎದುರಿನ ಖಾಲಿ ಪುಟದಲ್ಲಿ ಪೆನ್ಸಿಲ್ಲಿನಿಂದ ಅಳತೆಪಟ್ಟಿ ಹಿಡಿದು ಎಳೆದ ಸರ್ಕ್ಯೂಟು. ಕೆಳಗೆ ಕೆಂಪು ಇಂಕಿನ ಸಹಿ, ತಾರೀಖು. ಇದರಲ್ಲಿ ಬಹುಪಾಲು ಸೀನಿಯರ್‌ಗಳ ರೆಕಾರ್ಡಿನಿಂದ ಇಳಿಸಿಕೊಂಡದ್ದು. ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತದೆ. ಮೀಟರಿನಲ್ಲಿ ಬಂದ ರೀಡಿಂಗ್ ಅದಕ್ಕೆ ಹೊಂದದಿದ್ದಾಗ ‘ಏಕೆ ಹೊಂದಲಿಲ್ಲ’ ಎಂದು ಹುಡುಕುವುದೇ ಎಂಜಿನಿಯರಿಂಗ್ ವಿದ್ಯೆಯ ತಿರುಳು. ರೂಢಿಯಲ್ಲಿರುವುದು ರೀಡಿಂಗನ್ನು ತಿದ್ದಿ ಸಹಿ ಹಾಕಿಸಿಕೊಳ್ಳುವುದು. ಕಂಪ್ಯೂಟರ್ ಲ್ಯಾಬಿನಲ್ಲೂ ಪರದೆಯ ಮೇಲೆ ಓಡಿಸಬಹುದಾದ ಪ್ರೋಗ್ರಾಮನ್ನು ಸಾಲು ಸಾಲಾಗಿ ಪೆನ್ನಿನಲ್ಲಿ ನಕಲು ಮಾಡಿಸುತ್ತಾರೆ. ರೆಕಾರ್ಡ್ ಪೂರ್ಣವಾಗಿದ್ದರೆ ಇಂಟರ್ನಲ್ಸ್ ಅಂಕ, ಇಲ್ಲದಿದ್ದರೆ ಇಲ್ಲ. ಹೀಗೆ ನಾಲ್ಕು ವರ್ಷ ನಡೆದವರಿಗೆ ಪಾಸಾದ ಸಮಾಧಾನ ಸಿಗಬಹುದು. ತಾನೊಂದು ಕೆಲಸ ಕಲಿತೆ ಎಂಬ ಭರವಸೆ ಸಿಗುವುದಿಲ್ಲ. ಅದರ ಮೇಲೆ ಬ್ರಾಂಚ್ ಆಯ್ಕೆಯೂ ಸಿಇಟಿ ರ‍್ಯಾಂಕ್ ಹೇಳಿದಂತೆ. 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ ಬ್ರಾಂಚ್‌ವಾರು ಸೀಟಿನ ಮಿತಿ ತೆಗೆದ ಮೇಲೆ ಕಾಲೇಜುಗಳಿಗೆ ಬೇಡಿಕೆಯ ಹಿಂದೆ ಓಡಿ ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಏರಿಸುವ ದಾರಿ ತೆರೆಯಿತು. ಸಿವಿಲ್ ಅಥವಾ ಮೆಕ್ಯಾನಿಕಲ್ ಓದುವವರು ತಾವು ಎಡವಿದವರು ಎಂಬ ಭಾವನೆಯಿಂದಲೇ ತರಗತಿಗೆ ಕಾಲಿಡುತ್ತಾರೆ. ಇಂಥವರ ಮುಂದೆ ನಿಂತು ಆಸಕ್ತಿಯಿಲ್ಲ ಎಂದು ದೂರುವವರು ಆ ಆಸಕ್ತಿಗೆ ತಾವು ಏನನ್ನು ಉಣಿಸಿದೆವು ಎಂದೂ ಹೇಳಬೇಕು.

ಪದವಿ ಕಾಲೇಜುಗಳ ಬಿಎ, ಬಿಕಾಂ, ಬಿಎಸ್ಸಿ ವಿದ್ಯಾರ್ಥಿಗಳಿಂದ ನಾವು ಕಸಿದುಕೊಂಡಿರುವುದು ನಂಟನ್ನು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠಪ್ರವಚನ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ವಿದ್ಯಾರ್ಥಿಯನ್ನು ಮೂರು ವರ್ಷ ಕೈಹಿಡಿದು ನಡೆಸುವುದಾದರೂ ಹೇಗೆ? 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ವಾರಗಟ್ಟಲೆ ಮುಷ್ಕರ ಹೂಡಿದಾಗ ಅನೇಕ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಇದರ ನಡುವೆ ಪದವಿಯ ರಚನೆಯೇ ಅತ್ತಿತ್ತ ತೂಗಾಡಿತು. 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ದೇಶದಲ್ಲೇ ಮೊದಲು ತಂದೆವು. 2024ರ ಮೇ ತಿಂಗಳಲ್ಲಿ ಮೂರು ವರ್ಷಕ್ಕೆ ಮರಳಿದೆವು. ಎರಡೂ ನೀತಿಗಳ ಪರ ವಿರೋಧ ವಾದಗಳಿರಬಹುದು. ಆದರೆ ಹಿಂದುಮುಂದಿನ ಬ್ಯಾಚಿನವರು ಬೇರೆ ಬೇರೆ ನಿಯಮ, ಬೇರೆ ಬೇರೆ ವಿಷಯ ಸಂಯೋಜನೆ, ತಡವಾಗಿ ಬಂದ ಪಠ್ಯಪುಸ್ತಕಗಳ ನಡುವೆ ಓದಬೇಕಾಯಿತು. ‘ಬೇರೆಲ್ಲೂ ಸೀಟು ಸಿಗದವರು ಸೇರುವ ಕೋರ್ಸು’ ಎಂಬ ಸಮಾಜದ ಅವಹೇಳನವನ್ನೂ ಇದಕ್ಕೆ ಸೇರಿಸಿ. ಆಮೇಲೆ ಹಾಜರಾತಿ ಕಡಿಮೆಯಾಯಿತೆಂದು ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ ಅಂಟಿಸುತ್ತೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಬಿಗಿ ಇಲ್ಲದೆ ವಿದ್ಯೆ ಬಾರದು, ಅಂಕದ ಭಯವಿಲ್ಲದಿದ್ದರೆ ಯಾರೂ ಪುಸ್ತಕ ಮುಟ್ಟುವುದಿಲ್ಲ, ನಾಳೆ ಶಸ್ತ್ರಚಿಕಿತ್ಸೆ ಮಾಡುವವರನ್ನು ಸಡಿಲ ಬಿಡಲಾಗದು ಎನ್ನುತ್ತಾರೆ. ವಿದ್ಯೆ ಕಠಿಣವಾಗಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಠಿಣವಾಗಿ ಕಲಿಸುವುದು ಬೇರೆ, ಹೆದರಿಸಿ ಓದಿಸುವುದು ಬೇರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಮೊದಲ ಎರಡು ವರ್ಷ ಶ್ರೇಣಿಗಳನ್ನು ಕೈಬಿಟ್ಟು ಬರೀ ಪಾಸು, ಫೇಲು ಉಳಿಸಿಕೊಂಡಿತು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ವಿದ್ಯಾರ್ಥಿಗಳ ನೆಮ್ಮದಿ ಹೆಚ್ಚಿತು, ಪರವಾನಗಿ ಪರೀಕ್ಷೆಯ ಸಾಧನೆ ಕುಗ್ಗಲಿಲ್ಲ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಶ್ರೇಣಿ ಪದ್ಧತಿಯನ್ನು ಬದಲಿಸಿದ್ದರ ಜೊತೆಗೆ ತರಗತಿಯ ಗಂಟೆಗಳನ್ನೂ ಕಡಿಮೆ ಮಾಡಿ, ಇಷ್ಟದ ವಿಷಯ ಓದಲು ಬಿಡುವು ಕೊಟ್ಟು, ಕಲಿಕಾ ಗುಂಪುಗಳನ್ನು ಕಟ್ಟಿತು. ಖಿನ್ನತೆ ಮತ್ತು ಆತಂಕ ಎರಡೂ ಇಳಿದವು ಎಂದು 2014ರಲ್ಲಿ ವರದಿ ಮಾಡಿತು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟು ಸೇರಿಸಿದ 2014ರ ವಿಶ್ಲೇಷಣೆಯೊಂದು, ಬರೀ ಉಪನ್ಯಾಸ ನಡೆಯುವ ತರಗತಿಗಳಲ್ಲಿ ಸುಮಾರು ಶೇ. 34ರಷ್ಟು ಮಂದಿ ನಪಾಸಾದರೆ ವಿದ್ಯಾರ್ಥಿಗಳನ್ನು ತೊಡಗಿಸಿಕೊಳ್ಳುವ ತರಗತಿಗಳಲ್ಲಿ ಅದು ಸುಮಾರು ಶೇ. 22 ಎಂದು ತೋರಿಸಿತು. ನೆಮ್ಮದಿ ಕೊಟ್ಟರೆ ಗುಣಮಟ್ಟ ಇಳಿಯುತ್ತದೆ ಎಂಬ ಭಯಕ್ಕೆ ಇಲ್ಲೆಲ್ಲೂ ಆಧಾರ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಸಾಲ ಮಾಡಿ ಮಗಳನ್ನು ಓದಿಸುತ್ತಿರುವ ರೈತನಿಗೆ ಬೇಕಾದದ್ದು ಅವಳಿಗೊಂದು ನೌಕರಿ. ಅಂತರಂಗದ ಆಸಕ್ತಿ ಎಂಬುದೆಲ್ಲ ಉಳ್ಳವರ ಮಾತು ಎನ್ನುತ್ತಾರೆ. ನೌಕರಿಗಾಗಿ ಓದುವುದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ, ಈ ಸಿದ್ಧಾಂತದ ಉದ್ದೇಶವೂ ಅಲ್ಲ. ಮನೆಯ ಕಷ್ಟ ನೀಗಿಸಬೇಕು, ತಂಗಿಯನ್ನು ಓದಿಸಬೇಕು ಎಂದು ತಾನೇ ನಿಶ್ಚಯಿಸಿ ಓದುವವಳ ಓದು ಪೂರ್ತಿಯಾಗಿ ಅವಳದ್ದೇ. ಹಾನಿಯಾಗುವುದು ಶಿಕ್ಷೆಗೆ ಅಂಜಿ ಅಥವಾ ಅವಮಾನ ತಪ್ಪಿಸಿಕೊಳ್ಳಲು ಓದುವಾಗ. ಇಷ್ಟಕ್ಕೂ ನೌಕರಿ ಕೊಡುವವರು ಕೇಳುವುದು ಕೆಲಸ ಬಲ್ಲವರನ್ನು. ನಕಲು ಮಾಡಿದ ರೆಕಾರ್ಡು, ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಕ್ವೆಶ್ಚನ್ ಬ್ಯಾಂಕು ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಒದಗುವುದಿಲ್ಲ. ಅನುಕೂಲಸ್ಥರ ಮನೆಯ ಹುಡುಗ ಕಾಲೇಜಿನ ಕೊರತೆಯನ್ನು ಹೊರಗಿನ ಕೋಚಿಂಗಿನಿಂದ ತುಂಬಿಕೊಳ್ಳುತ್ತಾನೆ. ರೈತನ ಮಗಳಿಗೆ ಇರುವುದು ಆ ಕಾಲೇಜೊಂದೇ. ತರಗತಿ ಸತ್ವಹೀನವಾದಾಗ ಹೆಚ್ಚು ಕಳೆದುಕೊಳ್ಳುವುದು ಬಡವರೇ.

ಮೂರನೆಯದು ಸಂಸ್ಕೃತಿಯ ಆಕ್ಷೇಪ. ಸ್ವಾಯತ್ತೆ ಪಾಶ್ಚಾತ್ಯರ ಮೌಲ್ಯ, ನಮ್ಮಲ್ಲಿ ಹಿರಿಯರು ಹೇಳಿದ್ದನ್ನು ಪಾಲಿಸುವುದರಲ್ಲೇ ತೃಪ್ತಿ ಎಂದು ಇದು ವಾದಿಸುತ್ತದೆ. ಇದರ ಬೆನ್ನಿಗೆ ಒಳ್ಳೆಯ ಸಾಕ್ಷ್ಯವೂ ಇದೆ. ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿದ ಕೆಲಸದಲ್ಲಿ ಹೆಚ್ಚು ಉತ್ಸಾಹ ತೋರಿದರೆ, ಏಷ್ಯಾ ಮೂಲದ ಮಕ್ಕಳು ತಾಯಿ ಆರಿಸಿದ್ದು ಎಂದು ಹೇಳಿದ ಕೆಲಸದಲ್ಲಿ ಹೆಚ್ಚು ಉತ್ಸಾಹ ತೋರಿದರು. ಆದರೆ ಅದೇ ಏಷ್ಯನ್ ಮಕ್ಕಳು ಅಪರಿಚಿತರು ಆರಿಸಿಕೊಟ್ಟಾಗ ಹಾಗೆ ಅರಳಲಿಲ್ಲ. ಪ್ರೀತಿಸುವವರ ಮಾತನ್ನು ಮನಸಾರೆ ತನ್ನದಾಗಿಸಿಕೊಳ್ಳುವುದಕ್ಕೂ ಅಪರಿಚಿತ ವ್ಯವಸ್ಥೆಯ ಆಜ್ಞೆಗೆ ತಲೆಬಾಗುವುದಕ್ಕೂ ಅಂತರವಿದೆ. ರಯಾನ್ ಮತ್ತು ಸಂಗಡಿಗರು 2003ರಲ್ಲಿ ದಕ್ಷಿಣ ಕೊರಿಯಾ, ರಷ್ಯಾ, ಟರ್ಕಿ, ಅಮೆರಿಕ ಈ ನಾಲ್ಕು ದೇಶಗಳ ವಿದ್ಯಾರ್ಥಿಗಳಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ತಾವು ಪಾಲಿಸುವ ರೀತಿನೀತಿಯನ್ನು ಮನಃಪೂರ್ವಕವಾಗಿ ಒಪ್ಪಿಕೊಂಡವರು ನಾಲ್ಕೂ ಕಡೆ ಹೆಚ್ಚು ನೆಮ್ಮದಿಯಿಂದಿದ್ದರು. ಅಪ್ಪ ಹೇಳಿದರೆಂದು ಬಿಇ ಸೇರಿದ ಹುಡುಗ ಆ ಓದನ್ನು ತನ್ನದಾಗಿಸಿಕೊಳ್ಳಬಲ್ಲ. ಅದಕ್ಕೆ ಅವಕಾಶ ಕೊಡುವ ತರಗತಿ ಬೇಕು, ಅಷ್ಟೇ. ಮೇಷ್ಟ್ರು ಮನೆಯವರಂತೆ ಕಂಡಾಗ ನಮ್ಮ ಮಕ್ಕಳು ಎಷ್ಟು ಕಷ್ಟದ ಓದನ್ನಾದರೂ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದೇ ಈ ಸಾಕ್ಷ್ಯದ ನಿಜವಾದ ಪಾಠ.

‘ನಮ್ಮ ಕಾಲದಲ್ಲೂ ಇದೇ ಪರೀಕ್ಷೆ, ಇದೇ ರೆಕಾರ್ಡು ಇತ್ತು, ನಾವು ಕುಸಿಯಲಿಲ್ಲವಲ್ಲ’ ಎನ್ನುವ ಹಿರಿಯರಿಗೆ ಒಂದು ಮಾತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಕರ್ನಾಟಕದಲ್ಲಿ 18ರಿಂದ 23ರ ವಯೋಮಾನದವರಿಗೆ ಲೆಕ್ಕ ಹಾಕಿದ ದಾಖಲಾತಿ ಪ್ರಮಾಣ ಶೇ. 36.2. ಹಿಂದೆ ಕಾಲೇಜಿನ ಮೆಟ್ಟಿಲು ಹತ್ತಿದವರು ಬಹಳ ಕಡಿಮೆ. ಹತ್ತಿದವರಿಗೆ ಪದವಿಯೇ ಕೆಲಸದ ಭರವಸೆಯಾಗಿತ್ತು. ಓದು ನೀರಸವಾಗಿದ್ದರೂ ತುದಿಯಲ್ಲಿ ಸಿಗುವ ಫಲ ಅದನ್ನು ಸಹಿಸುವಂತೆ ಮಾಡುತ್ತಿತ್ತು. ಆ ಭರವಸೆ ಕರಗಿರುವ ಇಂದು ನೀರಸ ಓದಷ್ಟೇ ಉಳಿದಿದೆ. ಅಲ್ಲದೆ ಆಗ ಕುಸಿದವರು ಸದ್ದಿಲ್ಲದೆ ಊರಿಗೆ ಮರಳಿದರು, ಅವರ ಲೆಕ್ಕವನ್ನು ಯಾರೂ ಇಡಲಿಲ್ಲ. ದಾಟಿ ಬಂದವರು ಮಾತ್ರ ಇಂದು ವೇದಿಕೆಯ ಮೇಲೆ ಕುಳಿತು ಆ ಕಾಲದ ಸಾಕ್ಷಿ ನುಡಿಯುತ್ತಿದ್ದಾರೆ.

ಕೌನ್ಸೆಲಿಂಗ್ ಬೇಡವೇ ಎಂದು ಕೇಳಿದರೆ ಖಂಡಿತ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಅಂಥ ಸಂಕಟದಲ್ಲಿರುವವರಿಗೆ ತಜ್ಞರ ನೆರವು ತಕ್ಷಣ ಸಿಗಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ನಿರ್ದೇಶನ ಸ್ವಾಗತಾರ್ಹ. ಆದರೆ ಆರಂಭದಲ್ಲಿ ಹೇಳಿದ 2016ರ ವಿಶ್ಲೇಷಣೆಯಲ್ಲೇ ಇನ್ನೊಂದು ಅಂಕಿಯಿದೆ: ಖಿನ್ನತೆಯ ಲಕ್ಷಣವಿದ್ದ ವೈದ್ಯ ವಿದ್ಯಾರ್ಥಿಗಳಲ್ಲಿ ಚಿಕಿತ್ಸೆ ಬಯಸಿ ಹೋದವರು ಶೇ. 15.7 ಮಾತ್ರ. ಖಿನ್ನತೆಗೆ ಮದ್ದುಂಟೆಂದು ಪುಸ್ತಕದಲ್ಲೇ ಓದಿದವರ ಕಥೆಯಿದು. ಕೌನ್ಸೆಲಿಂಗ್ ಕೊಠಡಿಗೆ ಬಾರದ ಉಳಿದವರು ಪ್ರತಿದಿನ ತರಗತಿಗಂತೂ ಬರುತ್ತಾರೆ. ಅವರನ್ನು ತಲುಪಲು ಇರುವ ದಾರಿ ತರಗತಿಯೇ.

ಆಸಕ್ತಿ ಇಲ್ಲದೆ ಬಂದವರನ್ನು ಏನು ಮಾಡುವುದು ಎಂಬ ಪ್ರಶ್ನೆಗೂ ಉತ್ತರವಿದೆ. ಡೆಸಿ ಮತ್ತು ಅವರ ಸಹವರ್ತಿಯೊಬ್ಬರು 2000ದಲ್ಲಿ ಸಾವಯವ ರಸಾಯನಶಾಸ್ತ್ರದ ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಕಲಿಸುವವರು ವಿದ್ಯಾರ್ಥಿಗಳ ದೃಷ್ಟಿಯನ್ನು ಗೌರವಿಸಿದಲ್ಲಿ ಆಸಕ್ತಿ ಏರಿತು, ಆತಂಕ ಇಳಿಯಿತು. ಅಂಕಗಳಲ್ಲಿ ಅದರ ಲಾಭ ಹೆಚ್ಚಾಗಿ ಸಿಕ್ಕಿದ್ದು ಸ್ವಂತ ಆಸಕ್ತಿ ಕಡಿಮೆಯಿದ್ದವರಿಗೇ. ಯಾರನ್ನು ನಾವು ಕೈಬಿಡುತ್ತೇವೋ ಅವರೇ ಒಳ್ಳೆಯ ಪಾಠಕ್ಕೆ ಹೆಚ್ಚು ಓಗೊಡುವವರು. ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಂದ ಮತ್ತು ಸರ್ಕಾರದಿಂದ ನಾವು ಕೇಳಬೇಕಾದದ್ದು ಸ್ಪಷ್ಟವಾಗಿದೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗೆ ವಾರದ ರಜೆ ಕಡ್ಡಾಯವಾಗಲಿ, ಅದು ಸಿಕ್ಕಿತೇ ಎಂದು ಪರಿಶೀಲಿಸುವ ಹೊಣೆ ಕಾಲೇಜಿನ ಮಾನ್ಯತೆಗೆ ಅಂಟಿಕೊಳ್ಳಲಿ. ನಕಲು ರೆಕಾರ್ಡಿನ ಜಾಗದಲ್ಲಿ, ತಪ್ಪಿದ ರೀಡಿಂಗ್ ಏಕೆ ತಪ್ಪಿತು ಎಂದು ವಿದ್ಯಾರ್ಥಿಯೇ ಬರೆದ ಎರಡು ಪುಟಕ್ಕೆ ಅಂಕ ಸಿಗಲಿ. ಮೊದಲ ವರ್ಷವಾದರೂ ಶ್ರೇಣಿಯ ಪೈಪೋಟಿಯಿಲ್ಲದೆ ಕಳೆಯಲಿ. ಪದವಿ ಕಾಲೇಜುಗಳ ಖಾಲಿ ಹುದ್ದೆಗಳಿಗೆ ಕಾಯಂ ಮೇಷ್ಟ್ರುಗಳು ಬರಲಿ, ಸೇರಿದ ಬ್ಯಾಚು ಮುಗಿಯುವತನಕ ಪದವಿಯ ನಿಯಮ ಬದಲಾಗದಿರಲಿ. ಇವೆಲ್ಲ ಆಡಳಿತದ ಕೈಯಲ್ಲಿರುವ ಕೆಲಸಗಳು, ಹದಿನೆಂಟು ವರ್ಷದವರ ಮನೋಬಲಕ್ಕೆ ಬಿಟ್ಟವಲ್ಲ. ಇಷ್ಟನ್ನು ಮಾಡಿದ ಮೇಲೂ ವಿದ್ಯಾರ್ಥಿಗಳು ಓದಲಿಲ್ಲವೆಂದಾದರೆ ಅವರನ್ನು ದೂರುವ ಹಕ್ಕು ನಮಗೆ ಬರುತ್ತದೆ. ಅಲ್ಲಿಯವರೆಗೆ ಲೆಕ್ಕ ಒಪ್ಪಿಸಬೇಕಾದವರು ಕಲಿಸುವ ಸಂಸ್ಥೆಗಳು ಮತ್ತು ಅವುಗಳನ್ನು ನಡೆಸುವ ಹಿರಿಯರು.